ಪೊರೆ ಹೇಳಿದ ದಪ್ಪ

ಕೊಳವೆಗಳು ತಮ್ಮ ಆರೋಗ್ಯವನ್ನು ತಾವೇ ಹೇಳಿಕೊಳ್ಳಲು ಶುರುಮಾಡಿದ ಮೇಲೆ, ಅವುಗಳ ಮೈಗೆ ಕಿವಿಯಿಟ್ಟು ಕೇಳುತ್ತಿದ್ದವರ ಕೆಲಸ ಹೋಯಿತು. ಆಗ ಅದು ಯಾರಿಗೂ ದೊಡ್ಡ ಸಂಗತಿ ಅನ್ನಿಸಲಿಲ್ಲ.

ಮಂಗಳೂರಿನಿಂದ ಪಡುವಣಕ್ಕೆ, ದಡ ಕಾಣದಷ್ಟು ದೂರದ ಕಡಲಿನಲ್ಲಿ, ಅನಿಲ ತೆಗೆಯುವ ಆರು ರಿಗ್ಗುಗಳು ನಿಂತಿದ್ದವು. ಶಾಂಭವಿ, ಸ್ವರ್ಣಾ, ಸೀತಾ, ವಾರಾಹಿ, ಚಕ್ರಾ, ಶರಾವತಿ ಎಂದು ಕರಾವಳಿಯ ನದಿಗಳ ಹೆಸರನ್ನೇ ಅವಕ್ಕೆ ಇಟ್ಟಿದ್ದರು. ಕರಾವಳಿಯ ಊರುಗಳಿಗೆ ಕರೆಂಟು ಬರುತ್ತಿದ್ದುದು, ಸಮುದ್ರದ ನೀರು ಸಿಹಿಯಾಗಿ ನಲ್ಲಿಗೆ ಬರುತ್ತಿದ್ದುದು ಈ ಆರರ ಅನಿಲದಿಂದ. ಆದರೆ ಕಡಲ ತಳದ ಬಾವಿಯಿಂದ ಮೇಲೇರುವುದು ಬರೀ ಅನಿಲವಲ್ಲ. ಜೊತೆಗೆ ಉಪ್ಪುನೀರು ಬರುತ್ತದೆ, ಮರಳು ಬರುತ್ತದೆ. ನೀರು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಬಿರುಗಾಳಿಯ ವೇಗದಲ್ಲಿ ಬರುವ ಮರಳು, ಕೊಳವೆ ತಿರುಗುವಲ್ಲಿ, ಅಂದರೆ ಬೆಂಡಿನಲ್ಲಿ, ಗೋಡೆಗೆ ಬಡಿದು ಆ ತುಕ್ಕನ್ನು ಉಜ್ಜಿ ಹಾಕುತ್ತದೆ. ಕೆಳಗಿನ ಹೊಸ ಉಕ್ಕಿಗೆ ಮತ್ತೆ ತುಕ್ಕು ಹಿಡಿಯುತ್ತದೆ, ಮತ್ತೆ ಮರಳು ಉಜ್ಜುತ್ತದೆ. ಬೆರಳು ದಪ್ಪದ ಗೋಡೆ ಹೀಗೆ ಕಾಗದದಷ್ಟು ತೆಳುವಾಗುವವರೆಗೂ ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಹಿಂದೆ ಬೆಂಡುಗಳ ಹೊರಮೈಗೆ ಮರಳಿನ ಸದ್ದು ಕೇಳುವ ಯಂತ್ರಗಳನ್ನು ಬಿಗಿದಿರುತ್ತಿದ್ದರು. ದಪ್ಪ ಅಳೆಯುವ ಮೀಟರು ಹಿಡಿದ ಜನ ವರ್ಷವಿಡೀ ಕೊಳವೆಯಿಂದ ಕೊಳವೆಗೆ ಅಲೆಯುತ್ತಿದ್ದರು.

ಆಮೇಲೆ ಪೊರೆ ಬಂತು. ರಿಗ್ಗು ನಡೆಸುವ ಕಂಪನಿಯ ಮಂಗಳೂರಿನ ಪ್ರಯೋಗಾಲಯದಲ್ಲಿ ಅದನ್ನು ಸಾಕಿ ಬೆಳೆಸಿದವರಲ್ಲಿ ಇಂಜಿನಿಯರ್ ಚೈತಾಲಿ ಬಂಗೇರ ಒಬ್ಬಳು. ಅದೊಂದು ಬ್ಯಾಕ್ಟೀರಿಯಾದ ಬಳಗ. ಬಾವಿಯ ಬಾಯಲ್ಲಿ ಬಿತ್ತಿದರೆ ಸಾಕು, ಕೊಳವೆಯ ಒಳಮೈಗೆಲ್ಲ ತೆಳ್ಳಗೆ ಹಬ್ಬಿಕೊಳ್ಳುತ್ತಿತ್ತು. ಅನಿಲವನ್ನೇ ತಿಂದು ಬದುಕುತ್ತ, ಗಾಯವಾದಲ್ಲಿ ಖನಿಜ ಕೂಡಿಸಿ ಗೋಡೆಗೆ ತೇಪೆ ಹಾಕುತ್ತಿತ್ತು. ಜೊತೆಗೆ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ಸಣ್ಣ ವಿದ್ಯುತ್ತಿನ ಮಿಡಿತಗಳಲ್ಲಿ ದಡದ ಕಂಟ್ರೋಲ್ ರೂಮಿಗೆ ತಿಳಿಸುತ್ತಿತ್ತು. ಪರದೆಯ ಮೇಲೆ ಆರು ರಿಗ್ಗುಗಳ ಒಂದೊಂದು ಬೆಂಡೂ ಹಸಿರು ಬಣ್ಣದಲ್ಲಿ ಹೊಳೆಯುತ್ತ ನಿಂತಿತು. ಕೇಳುವ ಯಂತ್ರಗಳು ಗೋದಾಮು ಸೇರಿದವು. ಮೀಟರು ಹಿಡಿದವರು ಮನೆಗೆ ಹೋದರು.

ಚೈತಾಲಿಗೆ ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಹೊಸಬೆಟ್ಟಿನಲ್ಲಿ ಅಕ್ಕ ವಿನುತಾಳ ಮನೆಯ ಮಹಡಿಯ ಮೇಲೆ ಇದ್ದಳು. ಭಾವ ಯಾದವ ಸಾಲ್ಯಾನ್ ಶಾಂಭವಿ ರಿಗ್ಗಿನಲ್ಲಿ ವಾಲ್ವುಗಳ ಮೇಲ್ವಿಚಾರಕ. ಅರ್ಧ ತಿಂಗಳು ಕಡಲಲ್ಲಿ, ಅರ್ಧ ತಿಂಗಳು ಮನೆಯಲ್ಲಿ. ಮನೆಯಲ್ಲಿದ್ದಾಗ ಮೀನಿನ ಮಾರ್ಕೆಟ್ಟಿಗೆ ತಾನೇ ಹೋಗುವುದು, ತಾನೇ ಸಾರು ಮಾಡುವುದು ಅವನಿಗೆ ಇಷ್ಟ. ಆ ಭಾನುವಾರವೂ ಅಂಜಲ್ ಮೀನಿನ ಸಾರು ಮಾಡಿ ಬಡಿಸುತ್ತಿದ್ದ.

"ಚೈತೂ, ನಿನ್ನ ಮಕ್ಕಳು ಹೇಗಿದ್ದಾರೆ?" ಎಂದ. ಪೊರೆಯ ಬ್ಯಾಕ್ಟೀರಿಯಾಗಳನ್ನು ಅವನು ಕರೆಯುತ್ತಿದ್ದುದೇ ಹಾಗೆ.

"ಹೊಟ್ಟೆ ತುಂಬ ತಿಂದ್ಕೊಂಡು ಚೆಂದ ಇದ್ದಾರೆ ಭಾವ."

"ನಮ್ಮ ಶಾಂಭವಿಯಲ್ಲಿ ಸ್ವಲ್ಪ ಜಾಸ್ತಿಯೇ ತಿನ್ನುದು ಅಂತ ಕಾಣ್ತದೆ. ಮೊನ್ನೆ ನೀರು ಬೇರೆ ಮಾಡುವ ಟ್ಯಾಂಕು ತೆರೆದದ್ದು. ಅಡಿಯಲ್ಲಿ ಎಷ್ಟು ಮರಳು ಮಾರಾಯ್ತಿ! ಹತ್ತು ಜನ ಸೇರಿ ಬಾಚಿದ್ದು ನಾವು. ಪರದೆ ನೋಡಿದ್ರೆ ಎಲ್ಲ ಹಸಿರು."

"ಮರಳು ಬಂದ್ರೂ ಪೊರೆ ರಿಪೇರಿ ಮಾಡ್ಕೊಳ್ತದೆ. ಅದಕ್ಕೇ ಅಲ್ವಾ ಅದು ಇರುದು?"

"ಊಟಕ್ಕೆ ಕೂತಲ್ಲಿ ಎಂತ ಕೊಳವೆಯ ಸುದ್ದಿ ನಿಮ್ಮಿಬ್ಬರದ್ದು?" ಎಂದು ವಿನುತಾ ರೇಗಿದಳು. ಯಾದವ ನಗುತ್ತ ಮಗಳು ಇಂಚರಾಳ ಬಟ್ಟಲಿಗೆ ಇನ್ನೊಂದು ತುಂಡು ಹಾಕಿದ. ಮರುದಿನ ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿ ಶಾಂಭವಿಗೆ ಹೋದ.

ಆ ಮರಳಿನ ಮಾತು ಚೈತಾಲಿಯ ತಲೆಯಲ್ಲಿ ಉಳಿದುಹೋಯಿತು. ಅದೇ ವಾರ ವಾರಾಹಿ ರಿಗ್ಗಿನಲ್ಲಿ ಒಂದು ಕೊಳವೆಯ ಜೋಡಣೆ ಬದಲಾಯಿಸಿ, ಹಳೆಯ ಬೆಂಡನ್ನು ದಡಕ್ಕೆ ಕಳಿಸಿದ್ದರು. ಗುಜರಿಗೆ ಹೋಗಬೇಕಿದ್ದ ಅದನ್ನು ಚೈತಾಲಿ ಪ್ರಯೋಗಾಲಯಕ್ಕೆ ತರಿಸಿಕೊಂಡಳು. ಪೊರೆ ಹೇಳುತ್ತಿದ್ದ ಪ್ರಕಾರ ಅದರ ಗೋಡೆ ಹೊಸದರಷ್ಟೇ ದಪ್ಪವಾಗಿತ್ತು. ಮೀಟರಿಟ್ಟು ನೋಡಿದಳು, ದಪ್ಪ ಸರಿಯಾಗಿಯೇ ಇತ್ತು. ಗರಗಸಕ್ಕೆ ಕೊಟ್ಟು ಸೀಳಿಸಿದಳು.

ಕತ್ತರಿಸಿದ ಅಂಚು ಎರಡು ಬಣ್ಣದ್ದಾಗಿತ್ತು. ಹೊರಗಡೆ ಬೆಳ್ಳಗೆ ಹೊಳೆಯುವ ಉಕ್ಕು, ಹಲಸಿನ ಎಲೆಯಷ್ಟು ತೆಳ್ಳಗೆ. ಅದರ ಒಳಗಡೆ, ಉಳಿದ ಅಷ್ಟೂ ದಪ್ಪಕ್ಕೆ, ಬೂದು ಬಣ್ಣದ ಕಲ್ಲು.

ಏನಾಗಿದೆಯೆಂಬುದು ಅವಳಿಗೆ ಅರ್ಥವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ತೇಪೆ ಹಾಕಲು ಪೊರೆಗೆ ಕಬ್ಬಿಣ ಬೇಕು. ಬಾವಿಯ ನೀರಿನಲ್ಲಿರುವ ಕಬ್ಬಿಣದಿಂದ ಅದು ತನ್ನ ಖನಿಜ ಮಾಡಿಕೊಳ್ಳುತ್ತದೆ ಎಂದು ಪ್ರಯೋಗಾಲಯದವರು ಲೆಕ್ಕ ಹಾಕಿದ್ದರು. ಮರಳು ಕಡಿಮೆ ಇರುವವರೆಗೆ ಅದು ನಿಜವೂ ಆಗಿತ್ತು. ಮರಳು ಹೆಚ್ಚಾಗಿ, ಉಜ್ಜಿಸಿಕೊಂಡಷ್ಟೂ ಬೇಗ ಬೇಗ ತೇಪೆ ಹಾಕಬೇಕಾಗಿ ಬಂದಾಗ, ನೀರಿನ ಕಬ್ಬಿಣ ಸಾಲದೆ ಅದು ಹತ್ತಿರವಿದ್ದ ಕಬ್ಬಿಣಕ್ಕೆ ಕೈಹಾಕಿತ್ತು. ಕೊಳವೆಯ ಗೋಡೆಯನ್ನೇ ಕರಗಿಸಿ, ಕಲ್ಲು ಮಾಡಿ, ಅದೇ ಗೋಡೆಗೆ ಮೆತ್ತಿತ್ತು. ದಪ್ಪ ಕೇಳಿದವರಿಗೆ ದಪ್ಪ ಹೇಳಿತ್ತು. ಯಾವುದರ ದಪ್ಪ ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಒಂದು ತುಂಡನ್ನು ಒತ್ತುವ ಯಂತ್ರಕ್ಕೆ ಕೊಟ್ಟು ನೋಡಿದಳು. ಕಲ್ಲು ಗಟ್ಟಿಯಾಗಿಯೇ ಇತ್ತು. ರಿಗ್ಗಿನ ಒತ್ತಡಕ್ಕಿಂತ ಹೆಚ್ಚು ಭಾರ ಹೇರಿದರೂ ತಡೆಯಿತು. ಅಷ್ಟು ಹೊತ್ತಿಗೆ ಅವಳಿಗೆ ಉಸಿರು ಬಂತು. ರಿಗ್ಗುಗಳ ಕೆಲಸದ ಮುಖ್ಯಸ್ಥ ವಾಲ್ಟರ್ ಮಿನೇಜಸ್ ಅವರ ಕೋಣೆಗೆ ಆ ತುಂಡು ಹಿಡಿದುಕೊಂಡೇ ಹೋದಳು.

ಮಿನೇಜಸ್ ಒಳ್ಳೆಯ ಮನುಷ್ಯ. ನಿವೃತ್ತಿಗೆ ಹತ್ತಿರ ಬಂದವರು. ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಒತ್ತುವ ಪ್ರೆಸ್ಸಿನಲ್ಲಿ ತಡೆದಿದೆ ಅಂತ ನೀವೇ ಹೇಳ್ತೀರಿ."

"ತಡೆದಿದೆ ಸರ್. ಆದ್ರೆ ಉಕ್ಕು ಇಲ್ಲ. ಮರಳು ಹೀಗೇ ಬರ್ತಾ ಇದ್ರೆ ಒಂದಿನ ಕಲ್ಲೂ ಇರುದಿಲ್ಲ. ವಾರಾಹಿಗಿಂತ ಶಾಂಭವಿಯಲ್ಲಿ ಮರಳು ಜಾಸ್ತಿ."

"ಶಾಂಭವಿ ನಿಲ್ಲಿಸಿದ್ರೆ ಉಡುಪಿ, ಕುಂದಾಪುರ, ಅರ್ಧ ಮಂಗಳೂರಿಗೆ ನೀರು ನಿಲ್ತದೆ. ಏಪ್ರಿಲ್ ತಿಂಗಳು ಇದು. ಮೇಲಿನವರಿಗೆ ಈ ಕಲ್ಲಿನ ತುಂಡು ತೋರಿಸಿದ್ರೆ ಸಾಕಾಗುದಿಲ್ಲ ಚೈತಾಲಿ. ಅಲ್ಲಿ ಮರಳು ನಿಜವಾಗಿ ಎಷ್ಟುಂಟು ಅಂತ ತೋರಿಸಿ. ನಾನೇ ಬಂದು ಮಾತಾಡ್ತೇನೆ."

ಮರಳು ತೋರಿಸಲು ಕೇಳುವ ಯಂತ್ರ ಬೇಕು. ಗೋದಾಮಿನಲ್ಲಿ ಧೂಳು ಹಿಡಿದಿದ್ದ ಒಂದನ್ನು ಹುಡುಕಿಸಿ ಒರೆಸಿದಳು. ಮರುದಿನದ ಹೆಲಿಕಾಪ್ಟರಿನಲ್ಲಿ ಅದನ್ನು ಯಾದವನ ಹೆಸರಿಗೆ ಕಳಿಸಿ, ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಅವನು ತಮಾಷೆ ಮಾಡಲಿಲ್ಲ. "ಯಾವ ಬೆಂಡಿಗೆ ಕಟ್ಬೇಕು ಹೇಳು" ಎಂದಷ್ಟೇ ಕೇಳಿದ.

ಕಂಟ್ರೋಲ್ ರೂಮಿನಲ್ಲಿ ಅಂದು ಸಫ್ವಾನ್ ಎಂಬ ಆಪರೇಟರನ ಪಾಳಿ. ಮೂವತ್ತರ ಪ್ರಾಯದ, ಕಡಿಮೆ ಮಾತಿನ ಗಂಡಸು. ಹೊರಗೆ ಮಧ್ಯಾಹ್ನದ ಬಿಸಿಲು ಉರಿಯುತ್ತಿತ್ತು. ಒಳಗೆ ಎಸಿಯ ತಂಪಿನಲ್ಲಿ ಆರು ರಿಗ್ಗುಗಳ ಹಸಿರು. ಚೈತಾಲಿ ಅವನ ಪಕ್ಕದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಶಾಂಭವಿಯ ಬಾವಿಗಳೆಲ್ಲ ಸೇರುವ ದೊಡ್ಡ ಕೊಳವೆಯ ಮೊದಲ ಬೆಂಡಿಗೆ ಯಾದವ ಯಂತ್ರವನ್ನು ಬಿಗಿದ.

"ಕಟ್ಟಿದೆ. ಕೇಳ್ತದಾ?" ಎಂದ ರೇಡಿಯೋದಲ್ಲಿ.

ಕೇಳಿತು. ಹಿಂದಿನ ವರ್ಷಗಳಲ್ಲಿ ಅವಳಿಗೆ ಗೊತ್ತಿದ್ದುದು ಆಗೊಮ್ಮೆ ಈಗೊಮ್ಮೆ ಚಟಪಟ ಎನ್ನುವ ಸದ್ದು. ಇದು ಹಾಗಿರಲಿಲ್ಲ. ಎಡೆಬಿಡದ ಭೋರು. ಲಾರಿಯಿಂದ ಜಲ್ಲಿ ಸುರಿಯುತ್ತಲೇ ಇರುವಂತೆ. ಸಫ್ವಾನ್ ಇನ್ನೊಂದು ಹೆಡ್‌ಫೋನ್ ತೆಗೆದುಕೊಂಡು ಕೇಳಿ, ಅವಳ ಮುಖ ನೋಡಿದ. ಪರದೆಯ ಮೇಲೆ ಆ ಬೆಂಡು ಹಸಿರಾಗಿಯೇ ಇತ್ತು.

ಆಮೇಲೆ ಭೋರಿನ ನಡುವೆ ಹೊಸದೊಂದು ಸ್ವರ ಎದ್ದಿತು. ತೆಳ್ಳಗಿನ ಸೀಟಿಯಂಥದ್ದು. ಗೋಡೆ ತೀರ ತೆಳುವಾದಾಗ ಅದೇ ನಡುಗಿ ಹಾಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಭಾವ, ಅಲ್ಲಿಂದ ಹೊರಡಿ. ಈಗ್ಲೇ."

"ಎಂತಾಯ್ತು?"

"ಹೊರಡಿ ಭಾವ! ಎಲ್ಲರನ್ನೂ ದೋಣಿಯ ಹತ್ರ ಕರ್ಕೊಂಡು ಹೋಗಿ. ನಾನು ನಿಲ್ಲಿಸ್ತಾ ಇದ್ದೇನೆ."

ನಿಯಮ ಸ್ಪಷ್ಟವಾಗಿತ್ತು. ಕೊಳವೆ ಒಡೆಯುವ ಸಂಶಯ ಬಂದರೆ ತುರ್ತು ನಿಲುಗಡೆ. ಆ ಕೋಣೆಯಲ್ಲಿರುವ ಯಾವ ಇಂಜಿನಿಯರಾದರೂ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ಸಫ್ವಾನ್ ಕೆಂಪು ಗುಂಡಿಯ ಮೇಲಿನ ಗಾಜಿನ ಮುಚ್ಚಳ ತೆರೆದ. ಚೈತಾಲಿ ಒತ್ತಿದಳು.

ಶಾಂಭವಿಯ ಬಾವಿಗಳ ವಾಲ್ವುಗಳು ಒಟ್ಟಿಗೆ ಮುಚ್ಚಿಕೊಂಡವು. ಹೆಡ್‌ಫೋನಿನಲ್ಲಿ ಸೀಟಿ ನಿಂತಿತು, ಭೋರು ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಬಳಿಕ ಮಡಕೆ ಒಡೆದಂಥ ಒಂದು ಸದ್ದು ಬಂತು. ಅಷ್ಟೇ. ಪರದೆಯ ಮೇಲೆ ಶಾಂಭವಿಯ ಹಸಿರೆಲ್ಲ ಒಮ್ಮೆಗೇ ಆರಿಹೋಯಿತು.

"ಭಾವ," ಎಂದಳು ರೇಡಿಯೋದಲ್ಲಿ. "ಭಾವ, ಕೇಳ್ತದಾ?"

ಸಫ್ವಾನ್ ಆಗಲೇ ಫೋನಿನಲ್ಲಿ ಕರಾವಳಿ ಕಾವಲಿನವರನ್ನು ಕರೆಯುತ್ತಿದ್ದ. ಚೈತಾಲಿ ಮತ್ತೆ ಮತ್ತೆ ಕರೆಯುತ್ತಲೇ ಇದ್ದಳು, ಯಾರೋ ಬಂದು ಅವಳ ತಲೆಯಿಂದ ಹೆಡ್‌ಫೋನ್ ತೆಗೆಯುವವರೆಗೆ.

ಶಾಂಭವಿ ಸಂಜೆಯವರೆಗೆ ಉರಿಯಿತು. ದೋಣಿಯ ಕಡೆಗೆ ಓಡಿದವರು ಉಳಿದರು. ಹದಿನಾಲ್ಕು ಜನ ಉಳಿಯಲಿಲ್ಲ. ಯಾದವ ಎಲ್ಲರನ್ನೂ ಕೂಗಿ ಕಳಿಸುತ್ತ ಕೊನೆಗೆ ಹೊರಟಿದ್ದನಂತೆ. ಅವನ ದೇಹ ಸಿಗಲಿಲ್ಲ.

ಮನೆಯ ಚಾವಡಿಯಲ್ಲಿ ಫೋಟೋ ಇಟ್ಟು ದೀಪ ಹಚ್ಚಿದರು. ಬಂದವರೆಲ್ಲ ವಿನುತಾಳ ಕೈ ಹಿಡಿದು ಅತ್ತು, ಆಮೇಲೆ ಚೈತಾಲಿಯ ಕಡೆ ತಿರುಗಿ ಕೈ ಮುಗಿಯುತ್ತಿದ್ದರು. ಒಡೆಯುವ ಮೊದಲೇ ಅಪಾಯ ಗುರುತಿಸಿದ ಇಂಜಿನಿಯರ್ ಎಂದು ಪತ್ರಿಕೆಗಳಲ್ಲಿ ಅವಳ ಚಿತ್ರ ಬಂದಿತ್ತು. ಅವಳು ಎಚ್ಚರಿಸದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ ಎಂದು ಬದುಕಿ ಬಂದವರು ಹೇಳಿದ್ದರು.

"ನನ್ನ ತಂಗಿ ಆದಷ್ಟು ನೋಡಿದ್ಳು," ಎಂದು ವಿನುತಾ ಬಂದವರಿಗೆಲ್ಲ ಹೇಳುತ್ತಿದ್ದಳು. "ಸಮಯ ಅವಳ ಕೈಗೆ ಸಿಗ್ಲಿಲ್ಲ, ಅಷ್ಟೇ. ಒಂದು ನಿಮಿಷ ಮೊದಲು ಆಗಿದ್ರೆ." ಆ ಮಾತೇ ಅವಳಿಗೆ ಆಧಾರ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಭುಜಕ್ಕೆ ಒರಗಿಕೊಂಡೇ ಆ ದಿನಗಳನ್ನು ಕಳೆದಳು. ಇಂಚರಾ ಮಾತ್ರ ಯಾರ ಹತ್ತಿರವೂ ಮಾತಾಡದೆ ಅಡುಗೆಮನೆಯಲ್ಲಿ ಕಾಫಿ ಕಾಯಿಸಿ ಕೊಡುತ್ತಿದ್ದಳು.

ಚೈತಾಲಿಗೆ ಆ ಮಡಕೆಯ ಸದ್ದು ಕಿವಿಯಿಂದ ಹೋಗಲಿಲ್ಲ. ಉಕ್ಕು ಒಡೆಯುವಾಗ ಹಾಗೆ ಕೇಳುವುದಿಲ್ಲ. ಉಕ್ಕು ಬಟ್ಟೆಯಂತೆ ಹರಿಯುತ್ತದೆ, ಕಿರುಚುತ್ತದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಹಿಂದಿನ ದಿನ, ಮನೆತುಂಬ ನೆಂಟರು ತರಕಾರಿ ಹೆಚ್ಚುತ್ತಿದ್ದ ಹೊತ್ತಿನಲ್ಲಿ, ಒಂದು ಗಂಟೆಯಲ್ಲಿ ಬರುತ್ತೇನೆಂದು ಹೇಳಿ ಪ್ರಯೋಗಾಲಯಕ್ಕೆ ಹೋದಳು. ವಾರಾಹಿಯ ಬೆಂಡಿನ ತುಂಡುಗಳು ಮೇಜಿನ ಮೇಲೆ ಹಾಗೆಯೇ ಇದ್ದವು. ಒತ್ತುವ ಯಂತ್ರದ ಕಡೆ ಹೋಗದೆ ಒಂದು ತುಂಡನ್ನು ಇಕ್ಕಳದಲ್ಲಿ ಬಿಗಿದು, ಸುತ್ತಿಗೆ ಎತ್ತಿ ಒಂದೇ ಏಟು ಹಾಕಿದಳು.

ಕಲ್ಲು ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. ಇಕ್ಕಳದಲ್ಲಿ ಉಳಿದದ್ದು ತೆಳ್ಳಗಿನ ಉಕ್ಕಿನ ಚಕ್ಕೆ ಮಾತ್ರ.

ಮೆಲ್ಲಗೆ ಒತ್ತಿದರೆ ಎಷ್ಟು ಭಾರವನ್ನಾದರೂ ಹೊರುವ ಕಲ್ಲು, ಗುದ್ದಿದರೆ ನಿಲ್ಲುವುದಿಲ್ಲ. ಅಷ್ಟು ವೇಗದಲ್ಲಿ ಬರುತ್ತಿದ್ದ ಅನಿಲ, ನೀರು, ಮರಳನ್ನು ವಾಲ್ವುಗಳು ಗಕ್ಕನೆ ತಡೆದಾಗ ಕೊಳವೆಯೊಳಗೆ ಎದ್ದದ್ದು ಅಂಥದೇ ಗುದ್ದು. ಉಕ್ಕಾಗಿದ್ದರೆ ಕೊಂಚ ಬಾಗಿ ಅದನ್ನು ನುಂಗಿಕೊಳ್ಳುತ್ತಿತ್ತು. ಶಾಂಭವಿಯ ಬೆಂಡು ತಾನಾಗಿ ಒಡೆದಿರಲಿಲ್ಲ. ಅವಳು ನಿಲ್ಲಿಸಿದ್ದರಿಂದ ಒಡೆದಿತ್ತು.

ನೆಲದ ಮೇಲಿನ ಪುಡಿಯನ್ನು ಗುಡಿಸದೆ ಮಿನೇಜಸ್ ಅವರಿಗೆ ಫೋನ್ ಮಾಡಿದಳು. ಅವರು ತಾವೇ ಬಂದರು. ನೋಡಿದರು. ಕುರ್ಚಿ ಎಳೆದುಕೊಂಡು ಕೂತು ಕನ್ನಡಕ ತೆಗೆದರು.

"ರಿಗ್ಗಿನ ಗಡಿಯಾರಕ್ಕೂ ದಡದ ಗಡಿಯಾರಕ್ಕೂ ಕೆಲವು ಸೆಕೆಂಡು ವ್ಯತ್ಯಾಸ ಉಂಟು," ಎಂದರು ಕೊನೆಗೆ. "ಒಡೆದದ್ದು ಮೊದಲಾ, ನೀವು ಒತ್ತಿದ್ದು ಮೊದಲಾ ಅಂತ ಯಾರಿಗೂ ಹೇಳ್ಲಿಕ್ಕೆ ಬರುದಿಲ್ಲ. ಕಂಪನಿಯ ವಕೀಲರು ಒಡೆದದ್ದೇ ಮೊದಲು ಅಂತ ಬರೆದುಕೊಂಡಿದ್ದಾರೆ. ಅದು ನಿಮಗೂ ಒಳ್ಳೆದು."

"ನಾನು ಕೇಳಿಸಿಕೊಂಡಿದ್ದೇನಲ್ಲ ಸರ್. ಭೋರು ನಿಂತ ಮೇಲೆ ಒಡೆದದ್ದು."

"ಕೇಳಿಸಿಕೊಂಡದ್ದು ನೀವು ಮತ್ತು ಸಫ್ವಾನ್ ಮಾತ್ರ." ಮಿನೇಜಸ್ ಕನ್ನಡಕವನ್ನು ಒರೆಸುತ್ತಲೇ ಇದ್ದರು. "ನೀವು ಬಾಯಿ ಬಿಟ್ರೆ ನಿಮ್ಮ ಮೇಲೆ ಕೇಸಾಗ್ತದೆ. ಹದಿನಾಲ್ಕು ಮನೆಯವರು ನಿಮ್ಮನ್ನು ಕೊಲೆಗಾರ್ತಿ ಅಂತಾರೆ. ನಿಮ್ಮ ಅಕ್ಕನೂ ಅದರಲ್ಲಿ ಒಬ್ಬರು."

"ಉಳಿದ ಐದು ರಿಗ್ಗು?"

ಅವರು ತಲೆ ಎತ್ತಲಿಲ್ಲ. "ನಾಡಿದ್ದು ಮಧ್ಯಾಹ್ನ ಐದನ್ನೂ ನಿಲ್ಲಿಸ್ಬೇಕು ಅಂತ ವಿಚಾರಣಾ ಸಮಿತಿಯ ಆದೇಶ ಬಂದಿದೆ. ತುರ್ತು ನಿಲುಗಡೆ. ಜನರನ್ನು ಇಳಿಸುವ ಮೊದಲು ಅನಿಲ ನಿಲ್ಲಿಸ್ಬೇಕು ಅಂತ ನಿಯಮ ಅಲ್ವಾ."

"ಸರ್!"

"ಗೊತ್ತಾಯ್ತು. ನನಗೆ ಈಗ ಗೊತ್ತಾಯ್ತು," ಎಂದರು ಮಿನೇಜಸ್. "ನಾಡಿದ್ದು ಬೆಳಿಗ್ಗೆ ಸಮಿತಿ ಕೂರ್ತದೆ. ನಾನು ನಿಮ್ಮ ಹೆಸರು ಕೊಡ್ತೇನೆ. ನಾಳೆ ಬೊಜ್ಜ ಮುಗಿಸಿ ಬನ್ನಿ. ಸಮಯ ಉಂಟು."

ಸಮಯ ಉಂಟೆಂದು ಅವಳಿಗೂ ಅನ್ನಿಸಿತು. ಆಗಲೇ ಎದ್ದು ಐದು ರಿಗ್ಗುಗಳಿಗೂ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಸಮಿತಿಯ ಬಾಯಿಂದ ಬಂದರೆ ಮಾತ್ರ ಅವರು ಕೇಳುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಅಕ್ಕ ಮೊದಲು ಭಾವನ ಕಾರ್ಯ ನೆಮ್ಮದಿಯಿಂದ ಮುಗಿಸಲಿ ಎಂಬ ಆಸೆಯೂ ಅದರ ಹಿಂದೆ ಇತ್ತು.

ಮರುದಿನ ಊಟ ಮುಗಿದು ನೆಂಟರು ಹೊರಟುಹೋದರು. ಅಂಗಳದ ಶಾಮಿಯಾನದಡಿಯಲ್ಲಿ ಬಾಡಿಗೆಯ ಕುರ್ಚಿಗಳನ್ನು ವಿನುತಾ ಒಂದರ ಮೇಲೊಂದು ಪೇರಿಸುತ್ತಿದ್ದಳು. ಚೈತಾಲಿ ಹೋಗಿ ಕೈ ಜೋಡಿಸಿದಳು. ಪೇರಿಸುತ್ತಲೇ ಹೇಳಿದಳು. ಪೊರೆ ಉಕ್ಕನ್ನು ತಿಂದದ್ದು, ಕಲ್ಲು, ಸುತ್ತಿಗೆ, ನಾಳಿನ ಸಮಿತಿ, ಎಲ್ಲ. ವಿನುತಾ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು ಅದರ ಮೇಲೆ ಕೂತಳು.

"ನೀನು ಒತ್ತಿದ್ದು ಮೊದಲಾ, ಒಡೆದದ್ದು ಮೊದಲಾ?"

"ಒತ್ತಿದ್ದು ಮೊದಲು."

"ಒತ್ತದಿದ್ರೆ?"

"ಗೊತ್ತಿಲ್ಲ ಅಕ್ಕ. ಒಂದು ದಿನ ತಡೀತಿತ್ತೋ, ಒಂದು ವಾರವೋ. ಮೆಲ್ಲ ಮೆಲ್ಲ ಒತ್ತಡ ಇಳಿಸಿದ್ರೆ ಎಲ್ಲರನ್ನೂ ಕರ್ಕೊಂಡು ಬರ್ಲಿಕ್ಕಾಗ್ತಿತ್ತು."

"ಇವರನ್ನೂ?"

"ಭಾವನನ್ನೂ."

ವಿನುತಾ ಗೇಟಿನ ಕಡೆ ತಿರುಗಿದಳು. ಗಾಳಿಗೆ ಶಾಮಿಯಾನದ ಬಟ್ಟೆ ಪಟಪಟ ಬಡಿಯುತ್ತಿತ್ತು.

"ನನಗೆ ಯಾಕೆ ಹೇಳಿದ್ದು ನೀನು?" ಎಂದಳು. "ಸಮಿತಿಯವರಿಗೆ ಹೇಳ್ತಿಯಲ್ಲ ನಾಳೆ. ನನಗೆ ಟಿವಿಯಲ್ಲಿ ಗೊತ್ತಾಗ್ತಿತ್ತು."

"ಟಿವಿಯಲ್ಲಿ ಗೊತ್ತಾಗುದು ಬೇಡ ಅಂತ."

"ನಾನು ಬಂದವರ ಹತ್ರ ಎಲ್ಲ ಹೇಳಿಕೊಂಡು ಕೂತಿದ್ದೆ, ನನ್ನ ತಂಗಿ, ನನ್ನ ತಂಗಿ ಅಂತ." ಅವಳ ಧ್ವನಿ ಏರಲಿಲ್ಲ. "ಹೇಳ್ಬೇಡ ಅಂತ ನಾನು ಹೇಳಿದ್ರೆ?"

ವಿನುತಾ ಎದ್ದು, ಉಳಿದ ಕುರ್ಚಿಗಳನ್ನು ಹಾಗೆಯೇ ಬಿಟ್ಟು ಒಳಗೆ ಹೋದಳು.

ಸಮಿತಿ ಬಂದರಿನ ಹತ್ತಿರದ ಒಂದು ಸಭಾಂಗಣದಲ್ಲಿ ಕೂತಿತ್ತು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶೆ, ಬೆಳ್ಳಿಕೂದಲಿನ ಹೆಂಗಸು. ಹಿಂದಿನ ಸಾಲುಗಳಲ್ಲಿ ಸತ್ತವರ ಮನೆಯವರು ಕೂತಿದ್ದರು. ಚೈತಾಲಿ ಎದ್ದು ನಿಂತಾಗ ಅವರಲ್ಲಿ ಕೆಲವರು ಗೌರವದಿಂದ ತಾವೂ ಅರ್ಧ ಎದ್ದರು.

ಅವಳು ಸುತ್ತಿ ಬಳಸದೆ ಹೇಳಿದಳು. ಹೇಳುತ್ತಿದ್ದಂತೆ ಹಿಂದೆ ಎದ್ದವರು ಕೂತರು. ಗುಜುಗುಜು ಶುರುವಾಯಿತು. ಕಂಪನಿಯ ವಕೀಲರು ಎದ್ದು, "ಸಾಕ್ಷಿ ಹೇಳುವವರು ಭಾವನನ್ನು ಕಳಕೊಂಡ ದುಃಖದಲ್ಲಿದ್ದಾರೆ, ತಮ್ಮನ್ನೇ ತಾವು ಹಳಿದುಕೊಳ್ಳುತ್ತಿದ್ದಾರೆ," ಎಂದರು.

"ದುಃಖ ಇದೆ," ಎಂದಳು ಚೈತಾಲಿ. "ಆದರೆ ನಾನು ಹೇಳುತ್ತಿರುವುದು ಕಲ್ಲಿನ ವಿಷಯ. ದಯವಿಟ್ಟು ಮಧ್ಯಾಹ್ನದ ನಿಲುಗಡೆ ತಡೆಯಿರಿ. ಬಾವಿಗಳನ್ನು ಒಂದೊಂದಾಗಿ, ತುಂಬ ನಿಧಾನವಾಗಿ ಮುಚ್ಚಬೇಕು. ಒಂದು ರಿಗ್ಗಿಗೆ ಎರಡು ದಿನ ಬೇಕಾಗಬಹುದು. ಅದಕ್ಕಿಂತ ಮೊದಲು ಜನರನ್ನು ಇಳಿಸಬೇಕು."

"ಕೊಳವೆ ಅಷ್ಟು ತೆಳುವಾಗಿದೆ ಅಂತಲೂ ಹೇಳುತ್ತೀರಿ, ಎರಡು ದಿನ ನಡೆಸಿ ಅಂತಲೂ ಹೇಳುತ್ತೀರಿ," ಎಂದರು ಅಧ್ಯಕ್ಷರು. "ಆ ಎರಡು ದಿನದಲ್ಲಿ ಒಡೆದರೆ ಹೊಣೆ ಯಾರು?"

"ನಾನು."

"ನಿಮ್ಮ ಹೊಣೆಯಿಂದ ಯಾರೂ ಬದುಕಿ ಬರುವುದಿಲ್ಲ, ಅಮ್ಮ."

ಚೈತಾಲಿ ಚೀಲದಿಂದ ಇನ್ನೊಂದು ತುಂಡು ತೆಗೆದು ಮೇಜಿನ ಮೇಲಿಟ್ಟಳು. ಸುತ್ತಿಗೆ ತೆಗೆಯುತ್ತಿರುವಾಗಲೇ ಸಭಾಂಗಣದ ಬಾಗಿಲು ತೆರೆಯಿತು. ಮಿನೇಜಸ್ ಒಳಗೆ ಬಂದರು. ಅವರ ಮುಖ ನೋಡಿ ಅವಳು ಸುತ್ತಿಗೆಯನ್ನು ಕೆಳಗಿಟ್ಟಳು.

ಶರಾವತಿ ರಿಗ್ಗಿನ ಮ್ಯಾನೇಜರು ಮಧ್ಯಾಹ್ನದವರೆಗೆ ಕಾದಿರಲಿಲ್ಲ. ಹೇಗೂ ನಿಲ್ಲಿಸಬೇಕಲ್ಲ, ಬೇಗ ನಿಲ್ಲಿಸಿದರೆ ಜನರಿಗೆ ಒಳ್ಳೆಯದು ಎಂದುಕೊಂಡು ಬೆಳಗಿನ ತಿಂಡಿ ಮುಗಿಯುತ್ತಿದ್ದಂತೆ ಗುಂಡಿ ಒತ್ತಿಸಿದ್ದರು. ಕಡಲಿನಲ್ಲಿ ಇನ್ನೊಂದು ಬೆಂಕಿ ಉರಿಯುತ್ತಿತ್ತು. ಒಂಬತ್ತು ಜನ ಹೋಗಿದ್ದರು.

ಅಧ್ಯಕ್ಷರು ಚೈತಾಲಿಯ ಕಡೆ ನೋಡಿದರು. ಪುರಾವೆ ಬಂದಾಗಿತ್ತು, ಇನ್ನು ಸುತ್ತಿಗೆ ಬೇಕಿರಲಿಲ್ಲ.

"ನಿಮಗಿದು ಯಾವಾಗ ಗೊತ್ತಾಯಿತು?" ಎಂದು ಮೆಲ್ಲಗೆ ಕೇಳಿದರು.

"ಮೊನ್ನೆ," ಎಂದಳು ಚೈತಾಲಿ.

ಉಳಿದ ನಾಲ್ಕು ರಿಗ್ಗುಗಳಿಗೆ ಅಲ್ಲಿಂದಲೇ ಫೋನು ಹೋಯಿತು. ಮುಟ್ಟಬೇಡಿ, ಏನನ್ನೂ ಮುಟ್ಟಬೇಡಿ.

ಮುಂದಿನದು ಕಂಟ್ರೋಲ್ ರೂಮಿನ ಕೆಲಸ. ಅವಳ ಮೇಲೆ ಕೇಸು ದಾಖಲಾಯಿತು. ಆದರೆ ಕೊಳವೆಗಳ ಒತ್ತಡ ಮೆಲ್ಲಗೆ ಇಳಿಸುವುದು ಗೊತ್ತಿದ್ದವಳು ಅವಳೇ ಆದ್ದರಿಂದ, ಬಾಗಿಲಲ್ಲಿ ಒಬ್ಬ ಪೊಲೀಸನನ್ನು ನಿಲ್ಲಿಸಿ ಕೆಲಸ ಮಾಡಲು ಬಿಟ್ಟರು. ಗೋದಾಮಿನಲ್ಲಿದ್ದ ಕೇಳುವ ಯಂತ್ರಗಳೆಲ್ಲ ಹೆಲಿಕಾಪ್ಟರು ಹತ್ತಿದವು. ಪರದೆಯ ಹಸಿರನ್ನು ಸಫ್ವಾನ್ ಆರಿಸಿಬಿಟ್ಟ. ಅದನ್ನು ನೋಡಲು ಯಾರಿಗೂ ಮನಸ್ಸಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಚೈತಾಲಿ ಒಂದೊಂದು ಬಾವಿಯ ಸದ್ದು ಕೇಳುತ್ತ, "ಇನ್ನೊಂದು ಎಳೆಯಷ್ಟು ಮುಚ್ಚಿ... ಸಾಕು. ಕಾಯಿರಿ," ಎನ್ನುತ್ತಿದ್ದಳು. ಭೋರು ಮಳೆಯಾಗಿ, ಮಳೆ ಹನಿಯಾಗಿ, ಹನಿ ನಿಲ್ಲುವವರೆಗೆ. ವಾಲ್ವು ತಿರುಗಿಸಲು ಪ್ರತಿ ರಿಗ್ಗಿನಲ್ಲೂ ಕೆಲವರು ಉಳಿಯಲೇಬೇಕಿತ್ತು. ಉಳಿಯುತ್ತೇವೆಂದು ತಾವಾಗಿ ಮುಂದೆ ಬಂದವರ ಧ್ವನಿಗಳನ್ನು ಅವಳು ರೇಡಿಯೋದಲ್ಲಿ ಕೇಳಿದಳು. ಹೆಸರು ಕೇಳಲಿಲ್ಲ. ಕೇಳಲು ಹೆದರಿಕೆಯಾಯಿತು.

ಕರಾವಳಿಯಲ್ಲಿ ಕರೆಂಟು ಹೋಯಿತು. ನಲ್ಲಿಗಳು ಒಣಗಿದವು. ಟ್ಯಾಂಕರುಗಳ ಮುಂದೆ ಕೊಡಗಳ ಸಾಲು ಬೆಳೆಯಿತು. ಸಾಲಿನಲ್ಲಿ ನಿಂತವರು ಪೊರೆ ಮಾಡಿದವರನ್ನೂ ನಿಲ್ಲಿಸಿದವರನ್ನೂ ಒಟ್ಟಿಗೆ ಶಪಿಸಿದರು.

ವಾರಾಹಿಯ ಒತ್ತಡ ಇಳಿಯಿತು. ಸೀತಾದ್ದು ಇಳಿಯಿತು, ಚಕ್ರಾದ್ದು ಇಳಿಯಿತು. ಕೊನೆಗೆ ಸ್ವರ್ಣಾದ ಕೊನೆಯ ಬಾವಿಯೂ ಸದ್ದಿಲ್ಲದಂತಾಯಿತು. ನಾಲ್ಕು ರಿಗ್ಗುಗಳಿಂದಲೂ ಉಳಿದವರೆಲ್ಲ ಹಿಂದೆ ಬಂದರು. ಸಫ್ವಾನ್ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಮಿನೇಜಸ್ ಕಾಫಿ ತಂದುಕೊಟ್ಟರು, ಅದು ಅವಳ ಮುಂದೆ ಆರಿತು.

ಮಾರನೆಯ ಬೆಳಿಗ್ಗೆ ಠಾಣೆಗೆ ಹಾಜರಾಗಬೇಕಿತ್ತು. ಅದಕ್ಕೆ ಮೊದಲು ಬಟ್ಟೆ ತೆಗೆದುಕೊಳ್ಳಲೆಂದು ಪೊಲೀಸನ ಜೊತೆ ಹೊಸಬೆಟ್ಟಿಗೆ ಬಂದಳು. ಅವನು ರಸ್ತೆಯ ಆಚೆ ನೆರಳಿನಲ್ಲಿ ನಿಂತ. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ವಿನುತಾ ಹೊರಗೆ ಬಂದಳು. ಸೊರಗಿದ್ದಳು. ಕೈಯಲ್ಲಿ ಒಂದು ಚೀಲವಿತ್ತು. ಒಳಗೆ ಚೈತಾಲಿಯ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಚಿಟ್ಟಿದ್ದಳು.

"ಎಲ್ಲ ಬಂದ್ರಾ?" ಎಂದಳು.

"ಬಂದ್ರು ಅಕ್ಕ. ನಾಲ್ಕರಿಂದಲೂ."

"ಟಿವಿಯಲ್ಲಿ ತೋರಿಸಿದ್ರು. ಒಬ್ಬಳು ಗಂಡನನ್ನು ಹಿಡ್ಕೊಂಡು ಬಿಡ್ತಾನೇ ಇರ್ಲಿಲ್ಲ." ವಿನುತಾ ಚೀಲವನ್ನು ಗೇಟಿನ ಕಂಬದ ಮೇಲಿಟ್ಟಳು. "ಉಳಿದ ಹದಿಮೂರು ಮನೆಯವರು ಸೇರಿ ದೂರು ಕೊಡ್ತಾರಂತೆ. ನನ್ನನ್ನೂ ಕರೆದ್ರು. ನಾನು ಹೋಗುದಿಲ್ಲ ಅಂದೆ."

"ಹೋಗ್ಬಹುದಿತ್ತು ಅಕ್ಕ."

"ನಿನಗಾಗಿ ಅಲ್ಲ. ನಿನ್ನ ಭಾವ ಇದ್ದಿದ್ರೆ ಒಪ್ತಿರ್ಲಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಮಾಡಿದ್ದು ತಪ್ಪಲ್ಲ ಅಂತ ನನಗೆ ಗೊತ್ತುಂಟು ಚೈತೂ. ಆವತ್ತು ಒತ್ತಿದ್ದೂ ತಪ್ಪಲ್ಲ, ಮತ್ತೆ ಹೇಳಿದ್ದೂ ತಪ್ಪಲ್ಲ. ದಿನಾ ಬೆಳಿಗ್ಗೆ ಎದ್ದು ನನಗೆ ನಾನೇ ಹೇಳಿಕೊಳ್ತೇನೆ. ಆದ್ರೆ ನಿನ್ನ ಕೈ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಚೈತಾಲಿ ಗೇಟಿನ ಚಿಲಕದ ಮೇಲಿಟ್ಟಿದ್ದ ಕೈಯನ್ನು ತೆಗೆದಳು. ಒಂದು ಕ್ಷಣ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಆಮೇಲೆ ಚೀಲವನ್ನು ಎದೆಗವಚಿಕೊಂಡು, ಎರಡೂ ಕೈಗಳನ್ನು ಅದರ ಅಡಿಯಲ್ಲಿ ಮರೆಮಾಡಿಕೊಂಡು ರಸ್ತೆ ದಾಟಿದಳು.